ಜರಿಗಿಡ ಬಳಗಕ್ಕೊಂದು ಸ್ಪೋರ್ ಬ್ಯಾಂಕ್: ಪುಡಿ ಹಿಡಿಯುವುದರಿಂದ ಕುಂಡದವರೆಗೆ

ಜರಿಗಿಡದ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಸೇರಿದರೆ ಹತ್ತು ನಿಮಿಷದಲ್ಲಿ ಮಾತು ಅಲ್ಲಿಗೇ ಬರುತ್ತದೆ: "ಅದರಲ್ಲಿ ಒಂದು ಬುಡ ಕೊಡ್ತೀರಾ?" ಬುಡ ಕಿತ್ತು ಹಂಚುವ ಬಳಗ ಬಹಳ ದಿನ ಬಾಳುವುದಿಲ್ಲ. ಒಂದು ಗಿಡವನ್ನು ಮೂರು ಸಲ ಸೀಳಿದರೆ ಕೊಟ್ಟವರ ಮನೆಯಲ್ಲೇ ಅದು ಸೊರಗುತ್ತದೆ. ಮಣ್ಣಿನ ಜೊತೆ ಬೇರಿನ ಹುಳು, ಸಿಂಬಳದ ಹುಳುವಿನ ಮೊಟ್ಟೆ ಎಲ್ಲವೂ ಊರಿಂದೂರಿಗೆ ಹೋಗುತ್ತವೆ. ಕೊನೆಗೆ ಕೊಡಲು ಬುಡ ಉಳಿಯದಾಗ ಯಾರೋ ಒಬ್ಬರು ಗುದ್ದಲಿ ಹಿಡಿದು ಘಟ್ಟಕ್ಕೆ ಹೋಗುತ್ತಾರೆ. ಅಲ್ಲಿಂದ ಕಿತ್ತು ತಂದ ಗಿಡಗಳಲ್ಲಿ ಹೆಚ್ಚಿನವು ಬೇಸಿಗೆ ದಾಟುವುದಿಲ್ಲ.

ಇದು ಹಳೆಯ ಪಾಠ. ಹತ್ತೊಂಬತ್ತನೇ ಶತಮಾನದ ನಡುವೆ ಬ್ರಿಟನ್ನಿನಲ್ಲಿ ಜರಿಗಿಡದ ಗೀಳು ಎಷ್ಟು ಜೋರಾಗಿತ್ತೆಂದರೆ, 1855ರಲ್ಲಿ ಅದಕ್ಕೆ 'ಟೆರಿಡೊಮೇನಿಯಾ' ಎಂಬ ಹೆಸರೇ ಹುಟ್ಟಿತು. ಜನ ಬುಟ್ಟಿಗಟ್ಟಲೆ ಕಿತ್ತು ಪೇಟೆಗೆ ತಂದು ಮಾರಿದರು. ಕಿಲಾರ್ನಿ ಜರಿಯಂಥ ಸೂಕ್ಷ್ಮ ಜಾತಿಗಳು ಎಷ್ಟೋ ಜಾಗಗಳಿಂದ ಕಾಣೆಯಾದವು. ಆ ಗೀಳು ಇಳಿದ ಮೇಲೆ, 1891ರಲ್ಲಿ, ಇಂಗ್ಲೆಂಡಿನ ಕೆಂಡಲ್ ಊರಿನಲ್ಲಿ ಬ್ರಿಟಿಷ್ ಟೆರಿಡೊಲಾಜಿಕಲ್ ಸೊಸೈಟಿ ಹುಟ್ಟಿತು. 1893ರಲ್ಲಿ ಅಮೆರಿಕನ್ ಫರ್ನ್ ಸೊಸೈಟಿ ಬಂತು. ಇವೆರಡೂ ಇವತ್ತಿಗೂ ಸದಸ್ಯರಿಗಾಗಿ ನಡೆಸುವ ಮುಖ್ಯ ಸೇವೆಗಳಲ್ಲಿ ಒಂದು ಸ್ಪೋರ್ ವಿನಿಮಯ. ನಮ್ಮ ದೇಶದಲ್ಲಿ ಇಂಡಿಯನ್ ಫರ್ನ್ ಸೊಸೈಟಿ ಇದೆ, ಅದರ ನಿಯತಕಾಲಿಕ 1984ರಲ್ಲಿ ಶುರುವಾಯಿತು. ಆದರೆ ಅದು ಮುಖ್ಯವಾಗಿ ಸಂಶೋಧಕರ ಕೂಟ. ಮನೆಯಂಗಳದಲ್ಲಿ ಬೆಳೆಸುವವರ ಬಳಗ ಊರೂರಲ್ಲಿ ತಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ಕಟ್ಟಡ ಬೇಡ. ಒಂದು ಫ್ರಿಜ್ಜಿನ ಮೂಲೆ, ಒಂದು ನೋಟ್‌ಬುಕ್, ಬಟರ್ ಪೇಪರ್ ಇದ್ದರೆ ಸಾಕು.

ಸ್ಪೋರ್ ಎಂದರೆ ಗರಿಯ ಹಿಂಬದಿಯ ಚುಕ್ಕೆಗಳಿಂದ ಉದುರುವ ಪುಡಿ. ಪಠ್ಯದಲ್ಲಿ ಬೀಜಕ ಎಂದು ಓದಿರುತ್ತೀರಿ. ಪ್ರತಿ ಚುಕ್ಕೆಯಲ್ಲೂ ಸಣ್ಣ ಸಣ್ಣ ಚೀಲಗಳ ಗುಂಪಿರುತ್ತದೆ. ಬಹುತೇಕ ಜಾತಿಗಳಲ್ಲಿ ಒಂದೊಂದು ಚೀಲದಲ್ಲಿ 64 ಸ್ಪೋರ್. ಹೀಗೆ ಲೆಕ್ಕ ಹಾಕಿದರೆ ಒಂದೇ ಗರಿಯಲ್ಲಿ ಲಕ್ಷಗಟ್ಟಲೆ. ಗಿಡಕ್ಕೆ ನೋವಿಲ್ಲದೆ, ಇಪ್ಪತ್ತು ಜನರಿಗೆ ಹಂಚಿ ಮಿಗುವಷ್ಟು.

ಯಾವುದರಿಂದ ಶುರು, ಯಾವುದು ಬೇಡ

ಮೊದಲ ವರ್ಷ ಐದಾರು ಜಾತಿ ಸಾಕು. ಹಳೆಯ ಗಾರೆ ಗೋಡೆ, ಸೇತುವೆಯ ಕಲ್ಲಿನ ಸಂದಿಯಲ್ಲಿ ಬೆಳೆಯುವ ಟೆರಿಸ್ ವಿಟಾಟ (ಮಣ್ಣಿನ ಆರ್ಸೆನಿಕ್ ಹೀರಿಕೊಳ್ಳುವುದಕ್ಕೆ ಹೆಸರಾದ ಗಿಡ ಇದೇ) ತಪ್ಪು ಮಾಡಿದರೂ ಮೊಳೆಯುತ್ತದೆ. ಹಂಸಪದಿ ಮತ್ತು ಉಳಿದ ಏಡಿಯಾಂಟಮ್‌ಗಳು, ನರ್ಸರಿಯಲ್ಲಿ ಸಿಗುವ ಸಿರ್ಟೋಮಿಯಮ್, ಬರ್ಡ್ಸ್ ನೆಸ್ಟ್ ಇವೂ ಆರಂಭಕ್ಕೆ ಒಳ್ಳೆಯವು. ಸಿರ್ಟೋಮಿಯಮ್ ಫಾಲ್ಕೇಟಮ್ ಮತ್ತು ಟೆರಿಸ್ ಕ್ರೆಟಿಕಾದಲ್ಲಿ ಹೊಸ ಗಿಡ ಹುಟ್ಟಲು ಗಂಡು-ಹೆಣ್ಣು ಕೂಡಬೇಕಾಗಿಯೇ ಇಲ್ಲ, ಹಾಗಾಗಿ ನೀರು ಸಿಂಪಡಿಸುವುದನ್ನು ಮರೆತರೂ ಫಲ ಕೊಡುತ್ತವೆ. ಮಲೆನಾಡಿನ ಮರಜರಿ, ಅಂದರೆ ಸಯಾತಿಯಾ, ನೋಡಲು ಭಾರಿ. ಆದರೆ ಸ್ಪೋರ್‌ನಿಂದ ಬೆಳೆಸುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೆ.

ಬೇಡದ ಪಟ್ಟಿ ಇನ್ನೂ ಮುಖ್ಯ. ತೂಗುಕುಂಡದಲ್ಲಿ ಎಲ್ಲರ ಮನೆಯಲ್ಲೂ ಇರುವ ಬಾಸ್ಟನ್ ಜರಿಯ ಸ್ಪೋರ್ ಸಾಮಾನ್ಯವಾಗಿ ಬಂಜೆ. ಅದನ್ನು ಬಳ್ಳಿಯ ಮರಿಯಿಂದಲೇ ಬೆಳೆಸಬೇಕು. ಲೈಕೋಪೋಡಿಯಮ್, ಆಫಿಯೋಗ್ಲಾಸಮ್ ಜಾತಿಗಳ ಮೊದಲ ಹಂತ ಮಣ್ಣಿನೊಳಗೆ ಶಿಲೀಂಧ್ರದ ಸಂಗಡ ನಡೆಯುತ್ತದೆ, ಡಬ್ಬದಲ್ಲಿ ಬಿತ್ತಿ ಕಾಯುವುದು ವ್ಯರ್ಥ. ದನಕ್ಕೆ ಹಾಕುವ ಅಜೋಲ್ಲ ಮತ್ತು ಮಾರ್ಸಿಲಿಯಾದಲ್ಲಿ ಗಂಡು ಸ್ಪೋರ್ ಬೇರೆ, ಹೆಣ್ಣು ಸ್ಪೋರ್ ಬೇರೆ. ಈ ವಿಧಾನ ಅವಕ್ಕೆ ಹೊಂದುವುದಿಲ್ಲ. ಗರಿಯ ತುದಿ ನೆಲಕ್ಕೆ ತಾಗಿದಲ್ಲಿ ಬೇರೂರಿ ಮರಿ ಹಾಕುವ ಏಡಿಯಾಂಟಮ್ ಕಾಡೇಟಮ್ ಇದ್ದರೆ ಸ್ಪೋರ್ ಗೋಜೇ ಬೇಡ, ತುದಿಯನ್ನೇ ಕುಂಡಕ್ಕೆ ಬಗ್ಗಿಸಿ ಕಲ್ಲಿಡಿ.

ಆಸ್ಮುಂಡಾ ಪ್ರತ್ಯೇಕ ಮಾತು ಬೇಡುತ್ತದೆ. ಅದರ ಸ್ಪೋರ್ ಹಸಿರು. ಹಸಿರು ಎಂದರೆ ಒಳಗೆ ಜೀವ ಓಡುತ್ತಿದೆ, ಉಗ್ರಾಣದಲ್ಲಿ ಕಾಯುವುದಿಲ್ಲ ಎಂದರ್ಥ. ಹಿಡಿದ ವಾರದೊಳಗೆ ಬಿತ್ತಿಬಿಡಿ. ಕಂದು, ಕಪ್ಪು, ಹಳದಿ ಸ್ಪೋರ್‌ಗಳು ಒಣಗಿ ತಂಪಾಗಿದ್ದರೆ ವರ್ಷಗಟ್ಟಲೆ ಉಳಿಯುತ್ತವೆ. ಪೊಟ್ಟಣ ತೆರೆದು ಹಸಿರು ಪುಡಿ ಕಂಡರೆ ಅದಕ್ಕೆ ಬ್ಯಾಂಕಿನಲ್ಲಿ ಜಾಗವಿಲ್ಲ.

ಪುಡಿ ಹಿಡಿಯುವುದು

ಕಾಲ ನೋಡಿ ಕೈಹಾಕಬೇಕು. ಮಲೆನಾಡಿನಲ್ಲಿ ಮುಂಗಾರಿನೊಂದಿಗೆ ಚಿಗುರಿದ ಗರಿಗಳ ಚುಕ್ಕೆ ಹೆಚ್ಚಾಗಿ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಮಾಗುತ್ತದೆ. ಹಂಸಪದಿಯಂತೆ ಬೇಸಿಗೆಗೆ ಒಣಗಿ ಮಾಯವಾಗುವ ಗಿಡಗಳಲ್ಲಿ ಇನ್ನೂ ಬೇಗ. ನಗರದ ಬಾಲ್ಕನಿಯಲ್ಲಿ ನೀರುಂಡು ಬೆಳೆದವು ವರ್ಷವಿಡೀ ಒಂದಲ್ಲ ಒಂದು ಮಾಗಿದ ಗರಿ ಕೊಡುತ್ತವೆ.

10 ಪಟ್ಟಿನ ಭೂತಗನ್ನಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಗರಿಯನ್ನು ಮಗುಚಿ ನೋಡಿ. ಚುಕ್ಕೆ ತಿಳಿಹಸಿರು ಅಥವಾ ಬಿಳಿಚು ಇದ್ದರೆ ಎಳೆಯದು. ಹೊಳೆಯುವ ಗಾಢ ಕಂದು ಅಥವಾ ಕಪ್ಪು ಮಣಿಗಳ ಗೊಂಚಲಿನಂತೆ ಉಬ್ಬಿದ್ದರೆ ಅದೇ ಸಮಯ. ತುಕ್ಕು ಬಣ್ಣದ, ಹರಿದ ಹತ್ತಿಯಂಥ ನಾರು ಮಾತ್ರ ಕಂಡರೆ ಚೀಲಗಳು ಆಗಲೇ ಸಿಡಿದಿವೆ, ನಿಮಗೆ ಸಿಗುವುದು ಹೊಟ್ಟು. ಕೆಲವು ಜಾತಿಯಲ್ಲಿ ಚುಕ್ಕೆಯ ಮೇಲೆ ಪುಟ್ಟ ಪೊರೆ ಮುಚ್ಚಿರುತ್ತದೆ. ಅದರ ಅಂಚು ಮೇಲೇಳತೊಡಗಿದ ದಿನವೇ ಸರಿ. ಏಡಿಯಾಂಟಮ್, ಟೆರಿಸ್‌ಗಳಲ್ಲಿ ಎಲೆಯ ಅಂಚೇ ಒಳಕ್ಕೆ ಮಡಚಿ ಪೊರೆಯ ಕೆಲಸ ಮಾಡುತ್ತದೆ, ಮಡಿಕೆಯ ಒಳಗೆ ಇಣುಕಬೇಕು. (ಈ ಚುಕ್ಕೆಗಳನ್ನು ಕೀಟವೆಂದು ತಿಳಿದು ಬೇವಿನೆಣ್ಣೆ ಹೊಡೆದು ತಿಕ್ಕಿ ತೊಳೆಯುವವರು ಇಂದಿಗೂ ಇದ್ದಾರೆ. ಕೀಟ ಎಲ್ಲೆಂದರಲ್ಲಿ ಅಂಟಿರುತ್ತದೆ. ಚುಕ್ಕೆಗಳು ನರದ ಗುಂಟ ಸಾಲು ತಪ್ಪುವುದಿಲ್ಲ.)

ಇಡೀ ಗರಿ ಬೇಡ. 5ರಿಂದ 10 ಸೆಂಟಿಮೀಟರಿನ ಒಂದು ಕವಲು ಸಾಕು. ಒದ್ದೆಯಿದ್ದರೆ ಹತ್ತಿಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಧೂಳು, ಬೇರೆ ಗಿಡದ ಪುಡಿ ಕೂತಿರುತ್ತದೆ, ಆದ್ದರಿಂದ ಕವಲನ್ನು ನಲ್ಲಿ ಕೆಳಗೆ ಒಮ್ಮೆ ತೊಳೆದು ಒರೆಸಿಕೊಂಡರೆ ಕಲಬೆರಕೆ ಬಹಳ ಕಡಿಮೆಯಾಗುತ್ತದೆ. ಮಡಚಿದ ಬಿಳಿ ಹಾಳೆಯೊಳಗೆ ಚುಕ್ಕೆಯ ಮುಖ ಕೆಳಗಾಗಿ ಇಟ್ಟು, ಹಾಳೆಯ ಮೂರೂ ಅಂಚು ಮಡಚಿ, ಫ್ಯಾನ್ ಗಾಳಿ ತಾಗದ ಕಡೆ ಪುಸ್ತಕದ ಮೇಲೆ 24ರಿಂದ 48 ಗಂಟೆ ಬಿಡಿ. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೆವರಿ ಬೂಷ್ಟು ಹಿಡಿಯುತ್ತದೆ, ಪುಡಿ ಒಳಗೋಡೆಗೆ ಅಂಟಿ ಕೈಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಒಣಗದಿದ್ದರೆ ಹಾಳೆಯನ್ನು 40 ವ್ಯಾಟ್ ಬಲ್ಬಿನಿಂದ ಎರಡು ಅಡಿ ದೂರ ಇಡಿ. ಓವನ್, ಬಿಸಿಲು ಎರಡೂ ಬೇಡ.

ಹಾಳೆ ಬಿಚ್ಚಿದಾಗ ಗರಿಯ ಆಕಾರದಲ್ಲೇ ಪುಡಿಯ ಚಿತ್ರ ಬಿದ್ದಿರುತ್ತದೆ. ತೋಟದ ಬದುವಿನ ಬೆಳ್ಳಿ ಜರಿಯನ್ನು ಅಂಗೈ ಮೇಲೆ ಬಡಿದು ಬಿಳಿ ಅಚ್ಚು ಹಾಕಿಕೊಂಡ ಮಕ್ಕಳಾಟ ನೆನಪಾಗಬಹುದು. ಅಲ್ಲಿ ಅಂಟುವುದು ಎಲೆಯ ಮೇಣ, ಸ್ಪೋರ್ ಅಲ್ಲ.

ಈಗ ಹೊಟ್ಟು ತೆಗೆಯುವ ಕೆಲಸ. ಇದನ್ನು ಬಿಟ್ಟವರ ಡಬ್ಬದಲ್ಲೇ ಬೂಷ್ಟು ಹೆಚ್ಚು, ಏಕೆಂದರೆ ಬೂಷ್ಟಿಗೆ ತಿನ್ನಲು ಬೇಕಾಗಿರುವುದು ಆ ಸತ್ತ ಚೀಲದ ಸಿಪ್ಪೆಗಳು. ಹಾಳೆಯನ್ನು ಮೊರದಲ್ಲಿ ಕೇರುವ ಹಾಗೆ ಓರೆಯಾಗಿ ಹಿಡಿದು ಹಿಂಬದಿಗೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ಸಿಪ್ಪೆ, ರೋಮ ದಪ್ಪಗಿರುವುದರಿಂದ ಮೊದಲು ಜಾರಿ ಹೋಗುತ್ತವೆ. ನುಣ್ಣಗಿನ ಸ್ಪೋರ್ ಹಾಳೆಗೆ ಅಂಟಿ ಹಿಂದುಳಿಯುತ್ತದೆ. ಎರಡು ಮೂರು ಸಲ ಹೀಗೆ ಮಾಡಿ, ಉಳಿದದ್ದನ್ನು ಗಟ್ಟಿಯಾಗಿ ತಟ್ಟಿ ಇನ್ನೊಂದು ಹಾಳೆಗೆ ಇಳಿಸಿ. ಭೂತಗನ್ನಡಿಯಲ್ಲಿ ಒಂದೇ ಗಾತ್ರದ ಕಾಳುಗಳು ಮಾತ್ರ ಕಾಣಬೇಕು. ಜಾತಿ ಬದಲಾದಾಗ ಹಾಳೆಯನ್ನು ಎಸೆಯಿರಿ, ಕೈ ತೊಳೆಯಿರಿ. ಒಂದೇ ಕೂತಲ್ಲಿ ಮೂರು ಜಾತಿ ಶುದ್ಧ ಮಾಡಲು ಹೋದರೆ ಮೂರು ಪೊಟ್ಟಣದಲ್ಲೂ ಮೂರೂ ಇರುತ್ತವೆ.

ಪೊಟ್ಟಣ ಮತ್ತು ಚೀಟಿ

ಗಿಡಮೂಲಿಕೆ ಅಂಗಡಿಯವರು ಚೂರ್ಣ ಕಟ್ಟುವ ರೀತಿಯೇ ಇದಕ್ಕೂ ಸೈ. 12 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಬಟರ್ ಪೇಪರ್ ತೆಗೆದುಕೊಳ್ಳಿ. ನಡುವೆ ಒಂದು ಗೆರೆ ಮಡಚಿ ಬಿಚ್ಚಿ, ಆ ಕಣಿವೆಯಲ್ಲಿ ಪುಡಿ ಹಾಕಿ. ಎರಡು ಉದ್ದ ಅಂಚುಗಳನ್ನು ಜೋಡಿಸಿ 1 ಸೆಂಟಿಮೀಟರಿನಂತೆ ಎರಡು ಸುತ್ತು ಕೆಳಕ್ಕೆ ಮಡಚಿ. ಎರಡೂ ತುದಿಗಳನ್ನು ಹಿಂದಕ್ಕೆ ಮಡಚಿ ಒಂದರೊಳಗೆ ಇನ್ನೊಂದನ್ನು ಸಿಕ್ಕಿಸಿ. ಸೆಲ್ಲೋಟೇಪ್ ಬೇಡ, ತೆರೆಯುವಾಗ ಪುಡಿಯೆಲ್ಲ ಅಂಟಿಗೆ ಹೋಗುತ್ತದೆ. ಸ್ಟೇಪ್ಲರ್ ಹಾಕಿದರೆ ತೂತಿನಿಂದ ಸೋರುತ್ತದೆ, ಸ್ಪೋರ್ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗವೂ ಇರುವುದಿಲ್ಲ ಎಂಬುದು ನೆನಪಿರಲಿ. ಒಬ್ಬರಿಗೆ ಕೊಡುವ ಪ್ರಮಾಣ: ಎರಡು ಮೂರು ರವೆ ಕಾಳಿನಷ್ಟು. ಕಡಿಮೆಯೆನಿಸುತ್ತದೆ, ಆದರೆ ನಾಲ್ಕು ಡಬ್ಬ ಬಿತ್ತಲು ಅದೇ ಜಾಸ್ತಿ.

ಹೆಸರಿಲ್ಲದ ಪೊಟ್ಟಣ ಕಸ. ಹೊರಕವರಿನ ಮೇಲೆ ಪೆನ್ಸಿಲಿನಿಂದ (ಜೆಲ್ ಪೆನ್ ಫ್ರಿಜ್ಜಿನ ತೇವಕ್ಕೆ ಹರಡುತ್ತದೆ) ಹೀಗೆ ಬರೆಯಿರಿ:

ಕ್ರಮಸಂಖ್ಯೆ 24-017 / ಟೆರಿಸ್ ವಿಟಾಟ / ಮನೆಯ ಬಾವಿಗೋಡೆ, ತೀರ್ಥಹಳ್ಳಿ ತಾಲ್ಲೂಕು / ಹಿಡಿದದ್ದು 12-10-2024 / ತಾನಾಗಿ ಬೆಳೆದದ್ದು / ಸುತ್ತಲಿದ್ದ ಬೇರೆ ಜರಿ: ಕ್ರಿಸ್ಟೆಲ್ಲಾ

ಇದು ಮಾದರಿ ಮಾತ್ರ. ವೈಜ್ಞಾನಿಕ ಹೆಸರನ್ನು ಚೀಟಿಯಲ್ಲಿ ರೋಮನ್ ಲಿಪಿಯಲ್ಲೇ ಬರೆಯುವುದು ಒಳಿತು. ಜಾತಿ ಖಚಿತವಿಲ್ಲದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ. 'ಏಡಿಯಾಂಟಮ್, ಜಾತಿ ತಿಳಿಯದು' ಎಂಬ ಪ್ರಾಮಾಣಿಕ ಚೀಟಿ ತಪ್ಪು ಹೆಸರಿಗಿಂತ ನೂರು ಪಾಲು ಮೇಲು. ಕೊನೆಯ ಸಾಲು, ಸುತ್ತಲಿದ್ದ ಬೇರೆ ಜರಿ, ಹೆಚ್ಚಿನವರು ಬರೆಯುವುದಿಲ್ಲ. ಆರು ತಿಂಗಳ ನಂತರ ಡಬ್ಬದಲ್ಲಿ ಬೇರೇನೋ ಹುಟ್ಟಿದಾಗ ಎಲ್ಲಿಂದ ಬಂತೆಂದು ಹೇಳುವುದು ಆ ಸಾಲೇ. ಅಪರೂಪದ ಜಾತಿಯಾದರೆ ಪೊಟ್ಟಣದ ಮೇಲೆ ತಾಲ್ಲೂಕಿನ ಹೆಸರು ಮಾತ್ರ ಇರಲಿ, ನಿಖರ ಜಾಗ ಬ್ಯಾಂಕಿನ ನೋಟ್‌ಬುಕ್ಕಿನಲ್ಲಿ.

ಪೊಟ್ಟಣಗಳನ್ನು ಮುಚ್ಚಳ ಬಿಗಿಯಾದ ಗಾಜಿನ ಭರಣಿಯಲ್ಲಿ ನಿಲ್ಲಿಸಿ, ತಳಕ್ಕೆ ಬಣ್ಣ ಬದಲಿಸುವ ಸಿಲಿಕಾ ಜೆಲ್ 50 ಗ್ರಾಂ ಹಾಕಿ. ಬಣ್ಣ ತಿರುಗಿದರೆ ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿ ಮತ್ತೆ ಬಳಸಬಹುದು. ಆಮೇಲೆ ಆ ಬಾಣಲೆಯನ್ನು ಅಡಿಗೆಗೆ ಬಳಸಬೇಡಿ. ಭರಣಿ ಫ್ರಿಜ್ಜಿನ ಕೆಳಭಾಗದಲ್ಲಿ, ಸುಮಾರು 4 ಡಿಗ್ರಿಯಲ್ಲಿರಲಿ. ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ಕೋಣೆಯ ಬಿಸಿಗೆ ಬರಲು ಒಂದು ಗಂಟೆ ಬಿಡಿ, ಇಲ್ಲವಾದರೆ ಗಾಳಿಯ ತೇವ ಪೊಟ್ಟಣದ ಮೇಲೆ ಇಬ್ಬನಿಯಾಗಿ ಕೂರುತ್ತದೆ.

ಬಿತ್ತನೆ

ಡಬ್ಬ: ಹೋಟೆಲಿನವರು ಸಾಂಬಾರು ಪಾರ್ಸಲ್ ಕೊಡುವ 500 ಮಿಲಿಯ ಪಾರದರ್ಶಕ ಡಬ್ಬ. ತೂತು ಬೇಡ.

ಮಣ್ಣು: 650 ಗ್ರಾಮಿನ ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಬಕೆಟ್ಟಿನಲ್ಲಿ ಮೂರು ಸಲ ನೀರು ಬದಲಿಸಿ ಹಿಂಡಿ. ಅಗ್ಗದ ಕೋಕೋಪೀಟಿನಲ್ಲಿ ಉಪ್ಪು ಇರುತ್ತದೆ, ತೊಳೆಯದಿದ್ದರೆ ಮೊಳೆತದ್ದೆಲ್ಲ ಅಂಚು ಕಂದಾಗಿ ಸಾಯುತ್ತದೆ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಜರಡಿ ಹಿಡಿದ ಎಲೆಗೊಬ್ಬರ, ಒಂದು ಪಾಲು ತೊಳೆದ ಮರಳು. ಗೋಡೆಯ ಜರಿಗಳಿಗೆ ಚಿಟಿಕೆ ಹಳೇ ಗಾರೆಯ ಪುಡಿ ಸೇರಿಸಿ, ಅವು ಸುಣ್ಣ ಬಯಸುತ್ತವೆ. ಸಗಣಿ ಗೊಬ್ಬರ, ಎರೆಗೊಬ್ಬರ ಈ ಹಂತದಲ್ಲಿ ಬೇಡವೇ ಬೇಡ.

ಕುದಿಸುವುದು: ಒದ್ದೆ ಮಿಶ್ರಣವನ್ನು ಸ್ಟೀಲ್ ಪಾತ್ರೆಗೆ ಹಾಕಿ ತಟ್ಟೆ ಮುಚ್ಚಿ ಕುಕ್ಕರಿನಲ್ಲಿಡಿ. ತಳದಲ್ಲಿ 3 ಸೆಂಟಿಮೀಟರ್ ನೀರು. ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ 40 ನಿಮಿಷ. ಆರಿಸಿ, ರಾತ್ರಿಯಿಡೀ ಕುಕ್ಕರಿನ ಮುಚ್ಚಳ ತೆರೆಯದೆ ತಣಿಯಲು ಬಿಡಿ. ಎಲ್ಲ ಸರಿಯಾಗಿ ಮಾಡಿ, ಬೇಗ ತಣಿಯಲೆಂದು ಪರಾತದಲ್ಲಿ ಹರಡಿ ಫ್ಯಾನ್ ಹಾಕುವವರು ಪಟ್ಟ ಶ್ರಮವನ್ನೆಲ್ಲ ಅಲ್ಲೇ ಕಳೆಯುತ್ತಾರೆ: ಜರಿಯಿರುವ ಮನೆಯ ಗಾಳಿಯಲ್ಲಿ ಸದಾ ಜರಿಯ ಪುಡಿ ತೇಲುತ್ತಿರುತ್ತದೆ. ಡಬ್ಬ, ಮುಚ್ಚಳಕ್ಕೆ ಕುದಿಯುವ ನೀರು ಹೊಯ್ದು ಚೆಲ್ಲಿ.

ಡಬ್ಬಕ್ಕೆ 3 ಸೆಂಟಿಮೀಟರ್ ಮಣ್ಣು ತುಂಬಿ ಚಮಚದ ಹಿಂಬದಿಯಿಂದ ಸಮ ಮಾಡಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಲ್ಲ. ನೀರು 10 ನಿಮಿಷ ಕುದಿಸಿ ಮುಚ್ಚಿ ಆರಿಸಿದ್ದು. ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ಬೋರ್‌ವೆಲ್ ನೀರಾದರೆ ಮಳೆನೀರು ಅಥವಾ ಆರ್‌ಒ ನೀರು ಬಳಸಿ.

ಇಟ್ಟಿಗೆ ವಿಧಾನ ಇದಕ್ಕಿಂತ ಸರಳ, ಟೆರಿಸ್ ಮತ್ತು ಏಡಿಯಾಂಟಮ್‌ಗೆ ನಮ್ಮ ಮತದಲ್ಲಿ ಇದೇ ಮೇಲು. ಅಂಗೈಯಗಲದ ನಾಡ ಇಟ್ಟಿಗೆ ಚೂರನ್ನು ಅರ್ಧ ಗಂಟೆ ಕುದಿಸಿ ಡಬ್ಬದಲ್ಲಿ ನಿಲ್ಲಿಸಿ, ಬುಡಕ್ಕೆ 1 ಸೆಂಟಿಮೀಟರ್ ನೀರು ಹಾಕಿ, ಮೇಲ್ಮೈ ಮೇಲೆ ಬಿತ್ತಿ. ಇಟ್ಟಿಗೆ ತಾನೇ ನೀರು ಹೀರುತ್ತದೆ, ನೊರಜು ಮರಿಹಾಕಲು ಮಣ್ಣೇ ಇರುವುದಿಲ್ಲ. ಸಿಮೆಂಟ್ ಬ್ಲಾಕ್ ಬಳಸಬೇಡಿ, ಅದರ ಕ್ಷಾರ ವಿಪರೀತ.

ಬಿತ್ತುವಾಗ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಮಡಚಿದ ಪೋಸ್ಟ್‌ಕಾರ್ಡಿನ ಗೀರಿನಲ್ಲಿ ಪುಡಿ ಹಾಕಿಕೊಂಡು ಡಬ್ಬದಿಂದ 15 ಸೆಂಟಿಮೀಟರ್ ಮೇಲೆ ಹಿಡಿದು ಪೆನ್ಸಿಲಿನಿಂದ ಎರಡು ಸಲ ತಟ್ಟಿ. ಮಣ್ಣಿನ ಮೇಲೆ ಕಂದು ಬಣ್ಣ ಕಣ್ಣಿಗೆ ಕಂಡರೆ ಅದಾಗಲೇ ಅತಿಯಾಯಿತು. ದಟ್ಟ ಬಿತ್ತನೆ ಎಂದರೆ ಜಾಗ ಸಾಲದಿರುವುದಷ್ಟೇ ಅಲ್ಲ. ಮೊದಲು ಬಲಿತ ಸಸಿಗಳು ಆಂಥೆರಿಡಿಯೋಜನ್ ಎಂಬ ರಾಸಾಯನಿಕ ಸೂಸುತ್ತವೆ. ಅದು ತಗುಲಿದ ಅನೇಕ ಜಾತಿಗಳ ನೆರೆಯ ಎಳೆಯ ಸಸಿಗಳು ಗಂಡಾಗಿಯೇ ಉಳಿಯುತ್ತವೆ. ಡಬ್ಬ ಹಸಿರು ತುಂಬಿ ಎಂಟು ತಿಂಗಳಾದರೂ ಒಂದು ಗರಿ ಮೇಲೆ ಬರದಿರುವುದಕ್ಕೆ ಅನೇಕ ಸಲ ಕಾರಣ ಇದೇ.

ಮೇಲೆ ಮಣ್ಣು ಮುಚ್ಚಬೇಡಿ, ಬಹುಪಾಲು ಸ್ಪೋರ್ ಮೊಳೆಯಲು ಬೆಳಕು ಬೇಕು. ಮುಚ್ಚಳ ಹಾಕಿ. ಹೆಸರು ಮತ್ತು ದಿನಾಂಕವನ್ನು ಡಬ್ಬದ ಮೈ ಮೇಲೆ ಬರೆಯಿರಿ, ಮುಚ್ಚಳದ ಮೇಲೆ ಅಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ.

ಕೊನೆಗೆ ಇನ್ನೊಂದು ಡಬ್ಬ. ಅದೇ ಮಣ್ಣು, ಅದೇ ನೀರು, ಅದೇ ದಿನ. ಆದರೆ ಏನೂ ಬಿತ್ತಬೇಡಿ. 'ಖಾಲಿ' ಎಂದು ಬರೆದು ಉಳಿದವುಗಳ ಪಕ್ಕದಲ್ಲಿಡಿ. ಆ ಖಾಲಿ ಡಬ್ಬದಲ್ಲೂ ಹಸಿರು ಬಂದರೆ ಕುದಿಸುವುದು ಅಥವಾ ತಣಿಸುವುದು ಕೆಟ್ಟಿದೆ, ಉಳಿದ ಡಬ್ಬಗಳ ಹಸಿರನ್ನೂ ನಂಬುವಂತಿಲ್ಲ. ಕ್ರಿಸ್ಟೆಲ್ಲಾ ಎಂಬ ಕಳೆ ಜರಿ ನಮ್ಮ ಪ್ರತಿ ಕುಂಡಕ್ಕೂ ತಾನಾಗಿ ಬರುವ ಅತಿಥಿ. ಮರಜರಿಯೆಂದು ವರ್ಷವಿಡೀ ಸಾಕಿದ್ದು ಕೊನೆಗೆ ಕ್ರಿಸ್ಟೆಲ್ಲಾ ಆಗುವುದನ್ನು ಈ ಒಂದು ಡಬ್ಬ ತಿಂಗಳೊಪ್ಪತ್ತಿನಲ್ಲೇ ಎಚ್ಚರಿಸುತ್ತದೆ.

ಕಾಯುವ ತಿಂಗಳುಗಳು

ನೇರ ಬಿಸಿಲು ಬೀಳದ ಉತ್ತರದ ಕಿಟಕಿ ಅಥವಾ 20 ವ್ಯಾಟಿನ ಎಲ್‌ಇಡಿ ಟ್ಯೂಬಿನಿಂದ 30 ಸೆಂಟಿಮೀಟರ್ ಕೆಳಗೆ, ದಿನಕ್ಕೆ 12ರಿಂದ 14 ಗಂಟೆ. 20ರಿಂದ 26 ಡಿಗ್ರಿ ಹದ. ಮುಚ್ಚಿದ ಡಬ್ಬಕ್ಕೆ ಅರ್ಧ ಗಂಟೆ ಬಿಸಿಲು ಬಿದ್ದರೆ ಒಳಗಿನದು ಬೇಯುತ್ತದೆ.

ಎರಡರಿಂದ ಆರು ವಾರದಲ್ಲಿ ಮಣ್ಣಿನ ಮೇಲೆ ಹಸಿರು ಮಂಜು ಕವಿದಂತೆ ಕಾಣುತ್ತದೆ. ಅಲ್ಲಿಯವರೆಗೆ ಮುಚ್ಚಳ ತೆರೆಯಲು ಕಾರಣವೇ ಇಲ್ಲ. ಎರಡು ಮೂರು ತಿಂಗಳಿಗೆ ಭೂತಗನ್ನಡಿ ಹಿಡಿದರೆ ಕಾಣುವುದು ಗರಿಯಲ್ಲ: ಹೃದಯದ ಆಕಾರದ, ಒಂದೇ ಪದರದ, ಗಾಜಿನಂತೆ ಪಾರದರ್ಶಕ ಹಸಿರು ತುಣುಕು, ಅಗಲ ಅರ್ಧ ಸೆಂಟಿಮೀಟರ್. ಮೇಲ್ತುದಿಯಲ್ಲಿ ಸೀಳು, ಅಡಿಯಲ್ಲಿ ಕೂದಲಿನಂಥ ಬೇರೆಳೆ. ಇದೇ ಪ್ರೋಥಾಲಸ್. ಹೆಣ್ಣಂಗಗಳು ಸೀಳಿನ ಹತ್ತಿರ, ಗಂಡಂಗಗಳು ಬೇರೆಳೆಗಳ ನಡುವೆ, ಎರಡೂ ಅಡಿಭಾಗದಲ್ಲಿ. ಗಂಡುಕಣ ಈಜಿಕೊಂಡೇ ಹೋಗಬೇಕು, ಅದಕ್ಕೊಂದು ನೀರಿನ ಪೊರೆ ಬೇಕು.

ಹಾಗಾಗಿ ಹೃದಯಾಕಾರ ಸ್ಪಷ್ಟವಾದ ಮೇಲೆ ವಾರಕ್ಕೊಮ್ಮೆ ಕುದಿಸಿ ಆರಿಸಿದ ನೀರನ್ನು ನುಣ್ಣಗೆ ಸಿಂಪಡಿಸಿ. ಎಲೆಗಳ ಮೇಲೆ ಹನಿ ಮಿನುಗಬೇಕು, ಡಬ್ಬದಲ್ಲಿ ನೀರು ನಿಲ್ಲಬಾರದು. ಒಂದು ಗಂಟೆ ಹಾಗೇ ಬಿಟ್ಟು ಹೆಚ್ಚಾದ ನೀರನ್ನು ಓರೆ ಮಾಡಿ ಬಸಿಯಿರಿ. ಮೂರರಿಂದ ಆರು ತಿಂಗಳಿಗೆ ಸೀಳಿನ ಹತ್ತಿರ ಮೊದಲ ಗರಿ ಎದ್ದು ನಿಲ್ಲುತ್ತದೆ. ಅದು ದೊಡ್ಡ ಗಿಡದ ಗರಿಯ ಹಾಗಿರುವುದಿಲ್ಲ. ಬೀಸಣಿಗೆಯಂಥ ಪುಟ್ಟ ಎಲೆ. ಜಾತಿ ತಪ್ಪಿತೆಂದು ಎಸೆಯಬೇಡಿ, ಆರೇಳು ಗರಿ ಕಳೆದ ಮೇಲೆ ಮೂಲ ರೂಪ ಬರುತ್ತದೆ.

ಕೆಡುವುದು ಎಲ್ಲೆಲ್ಲಿ

ಬಿಳಿ ನವಿರು ಬೂಷ್ಟು: ಹೊಟ್ಟು ಉಳಿದಿತ್ತು. ಸುತ್ತ 1 ಸೆಂಟಿಮೀಟರ್ ಬಿಟ್ಟು ಚಮಚದಲ್ಲಿ ಮಣ್ಣುಸಮೇತ ಎತ್ತಿ ಹೊರಹಾಕಿ. ಇಡೀ ಡಬ್ಬಕ್ಕೆ ಔಷಧಿ ಹೊಡೆಯುವ ಆತುರ ಬೇಡ. ಅಡಿಕೆ ತೋಟದ ಮನೆಗಳಲ್ಲಿ ಕೈಗೆಟುಕುವ ಬೋರ್ಡೋ ದ್ರಾವಣವಂತೂ ಹತ್ತಿರ ಸುಳಿಯಬಾರದು. ತಾಮ್ರ ಪ್ರೋಥಾಲಸ್ಸನ್ನೇ ಸುಡುತ್ತದೆ.

ಲೋಳೆಯಂಥ ಕಪ್ಪು-ಹಸಿರು ಪಾಚಿ: ನೀರು ಹೆಚ್ಚು, ಬೆಳಕೂ ಹೆಚ್ಚು. ಬೆಳಕು ದೂರ ಮಾಡಿ, ಎರಡು ದಿನ ಮುಚ್ಚಳವನ್ನು ಕೂದಲೆಳೆಯಷ್ಟು ಸರಿಸಿ ಮೇಲ್ಮೈ ಆರಲು ಬಿಡಿ. ಲೋಳೆ ಪ್ರೋಥಾಲಸ್ ಮೇಲೆ ಹತ್ತಿದ್ದರೆ ಚೆನ್ನಾಗಿರುವ ನಾಲ್ಕು ತುಣುಕನ್ನು ಹೊಸ ಡಬ್ಬಕ್ಕೆ ಸಾಗಿಸಿ ಉಳಿದದ್ದನ್ನು ಬಿಟ್ಟುಬಿಡಿ.

ನೊರಜು: ಡಬ್ಬದೊಳಗೆ ಸಣ್ಣ ಕಪ್ಪು ಹುಳು ಹಾರಾಡಿದರೆ ಮಣ್ಣಿನಲ್ಲಿ ಮರಿಹುಳು ಪ್ರೋಥಾಲಸ್ ಮೇಯುತ್ತಿದೆ. ಒಂದು ವಾರದಲ್ಲಿ ಹಸಿರು ಚಾಪೆ ಬೋಳಾಗುತ್ತದೆ. ಸೊಳ್ಳೆ ಮರಿಗಳಿಗೆ ಬಳಸುವ ಬಿಟಿಐ ಪುಡಿ ನೀರಿಗೆ ಕಲಸಿ ಸಿಂಪಡಿಸಿದರೆ ಹಿಡಿತಕ್ಕೆ ಬರುತ್ತದೆ. ಮುಚ್ಚಳ ಸಡಿಲವಾಗಿದ್ದೇ ಮೂಲ ಕಾರಣ.

ಹಸಿರೇ ಬರಲಿಲ್ಲ: ಮೂರು ತಿಂಗಳು ಕಾದ ಮೇಲೆ ಮಾತ್ರ ಆ ಮಾತು. ಹಳೆಯ ಪುಡಿ, ಎಳೆಯ ಚುಕ್ಕೆ, ಅಥವಾ ಬಿತ್ತಿದ್ದು ಬರೀ ಹೊಟ್ಟು.

ಡಬ್ಬದಿಂದ ಕುಂಡಕ್ಕೆ

ಪ್ರೋಥಾಲಸ್ ಒತ್ತೊತ್ತಾಗಿದ್ದರೆ ಗರಿಗೆ ಕಾಯದೆ ಬಿಡಿಸಿ. ಟೂತ್‌ಪಿಕ್ಕಿನಿಂದ ಉಗುರಗಲದ ತುಣುಕು ಎತ್ತಿ, ಅದೇ ರೀತಿ ಕುದಿಸಿದ ಹೊಸ ಮಣ್ಣಿನ ಮೇಲೆ 2.5 ಸೆಂಟಿಮೀಟರ್ ಅಂತರದಲ್ಲಿಟ್ಟು ಬೆರಳಲ್ಲಿ ಒತ್ತಿ. ಹೂಳಬೇಡಿ.

ಗರಿಗಳು 3 ಸೆಂಟಿಮೀಟರ್ ಮುಟ್ಟಿದ ಮೇಲೆ ಹೊರಗಾಳಿ ಕಲಿಸಬೇಕು. ಹೆಚ್ಚು ಗಿಡ ಸಾಯುವುದು ಈ ಹಂತದಲ್ಲೇ. ಆರು ತಿಂಗಳು ನೂರಕ್ಕೆ ನೂರು ತೇವದಲ್ಲಿ ಬೆಳೆದ ಎಲೆ, ಮುಚ್ಚಳ ತೆಗೆದ ಒಂದೇ ಮಧ್ಯಾಹ್ನದಲ್ಲಿ ಕಾಗದವಾಗುತ್ತದೆ. ಮೊದಲ ವಾರ ಮುಚ್ಚಳಕ್ಕೆ ನಾಲ್ಕು ತೂತು, ಎರಡನೇ ವಾರ ಕಾಲುಭಾಗ ತೆರವು, ಮೂರನೇ ವಾರ ರಾತ್ರಿ ಪೂರ್ತಿ ತೆರೆದು ಹಗಲು ಅರ್ಧ. ಮಾರ್ಚ್-ಏಪ್ರಿಲ್‌ನಲ್ಲಿ ಇದನ್ನು ಮಾಡಲೇಬೇಡಿ. ಜೂನ್ ಮಳೆ ಹಿಡಿದ ಮೇಲೆ ಮಾಡಿದರೆ ಅರ್ಧ ಕೆಲಸ ಹವೆಯೇ ಮಾಡಿಕೊಡುತ್ತದೆ. ಅಕ್ಟೋಬರ್‌ನಲ್ಲಿ ಹಿಡಿದು ನವೆಂಬರ್‌ನಲ್ಲಿ ಬಿತ್ತಿದ್ದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಕುಂಡ 3 ಇಂಚು. ಎರಡು ಪಾಲು ಎಲೆಗೊಬ್ಬರ, ಒಂದು ಪಾಲು ಕೋಕೋಪೀಟ್, ಒಂದು ಪಾಲು ದಪ್ಪ ಮರಳು ಮತ್ತು ಇದ್ದಿಲ ಚೂರು. ಚಿಗುರುವ ತುದಿ ಮಣ್ಣಿನ ಮೇಲೇ ಇರಬೇಕು, ಹೂತರೆ ಕೊಳೆಯುತ್ತದೆ. ತಿಂಗಳ ನಂತರ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಪ್ಯಾಕೆಟ್ ಮೇಲೆ ಬರೆದಷ್ಟು ಹಾಕಿದರೆ ತುದಿ ಸುಡುತ್ತದೆ.

ಬಳಗದ ಕಟ್ಟುಪಾಡು

ಉದ್ದದ ನಿಯಮಾವಳಿ ಬೇಡ, ಆದರೆ ಕೆಲವು ಗೆರೆಗಳು ಗಟ್ಟಿಯಾಗಿರಲಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯದಿಂದ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಒಂದು ಕವಲೂ ಬ್ಯಾಂಕಿಗೆ ಬರಬಾರದು. ಘಟ್ಟದ ರಸ್ತೆಯಂಚು ಯಾರದೂ ಅಲ್ಲ ಎಂಬುದು ತಪ್ಪು ತಿಳಿವಳಿಕೆ. ಅದು ಬಹಳ ಕಡೆ ಮೀಸಲು ಅರಣ್ಯವೇ. ತೋಟದ ಬದು, ಬಾವಿಯ ಕಲ್ಲು, ಕಾಫಿ ತೋಟದ ಮರದ ಬೊಡ್ಡೆ, ಸದಸ್ಯರ ಕುಂಡ ಇಷ್ಟರಲ್ಲೇ ಹತ್ತು ವರ್ಷಕ್ಕಾಗುವಷ್ಟು ಜಾತಿ ಇವೆ. ಸಯಾತಿಯಾ ಮರಜರಿಗಳು ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಹೊರದೇಶದ ಗೆಳೆಯರಿಗೆ ಯಾವ ಜಾತಿಯ ಪೊಟ್ಟಣವನ್ನೂ ಸುಮ್ಮನೆ ಅಂಚೆಗೆ ಹಾಕಬೇಡಿ: ಇಲ್ಲಿಂದ ಕಳುಹಿಸಲು 2002ರ ಜೀವವೈವಿಧ್ಯ ಕಾಯ್ದೆ, ಅಲ್ಲಿಂದ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶ ಅಡ್ಡ ಬರುತ್ತವೆ.

ಹಣದ ವ್ಯವಹಾರ ಇಲ್ಲದವರೆಗೆ ನೋಂದಣಿಯ ತಲೆನೋವು ಬೇಡ. ಚಂದಾ, ಬ್ಯಾಂಕ್ ಖಾತೆ ಎಂದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಏಳು ಜನ ಸೇರಿ ನೋಂದಾಯಿಸಬಹುದು.

ಬ್ಯಾಂಕಿನ ಕೀಲಿ ಒಬ್ಬರ ಕೈಯಲ್ಲಿರಲಿ, ನೋಟ್‌ಬುಕ್ಕಿನ ನಕಲು ಇನ್ನೊಬ್ಬರಲ್ಲಿ. ಬಂದ ಪೊಟ್ಟಣವನ್ನು ಒಡೆದು ಭೂತಗನ್ನಡಿಯಲ್ಲಿ ನೋಡಿಯೇ ಒಳಗೆ ತೆಗೆದುಕೊಳ್ಳಬೇಕು. ಅರ್ಧಕ್ಕರ್ಧ ಹೊಟ್ಟಿದ್ದರೆ ಕಳಿಸಿದವರಿಗೇ ವಾಪಸ್. ಪಡೆದವರು ಕೊಡಬೇಕಾದ ಬೆಲೆ ಒಂದೇ: ಬಿತ್ತಿದ ದಿನ, ಹಸಿರು ಕಂಡ ದಿನ, ಮೊದಲ ಗರಿ ಬಂದ ದಿನ ಬರೆದು ತಿಳಿಸುವುದು. ಏನೂ ಬರಲಿಲ್ಲ ಎಂಬುದೂ ವರದಿಯೇ. ಅಂಚೆಯಲ್ಲಿ ಕಳಿಸುವಾಗ ಪೊಟ್ಟಣದ ಎರಡೂ ಕಡೆ ರಟ್ಟಿಡಿ, ಸೀಲು ಬಡಿಯುವಾಗ ಮಡಿಕೆ ಒಡೆಯುವುದಿಲ್ಲ.

ವರ್ಷಕ್ಕೊಮ್ಮೆ, ನವೆಂಬರ್‌ನಲ್ಲಿ, ಪ್ರತಿ ಕ್ರಮಸಂಖ್ಯೆಯಿಂದಲೂ ಚಿಟಿಕೆ ತೆಗೆದು ಇಟ್ಟಿಗೆ ಚೂರುಗಳ ಮೇಲೆ ಪರೀಕ್ಷಾ ಬಿತ್ತನೆ ಮಾಡಿ. 90 ದಿನದಲ್ಲಿ ಹಸಿರು ಬರದ ಪೊಟ್ಟಣವನ್ನು ಭರಣಿಯಿಂದ ತೆಗೆದು, ನೋಟ್‌ಬುಕ್ಕಿನಲ್ಲಿ ಅದರ ಸಾಲಿಗೆ ಅಡ್ಡಗೆರೆ ಎಳೆದು, ಮೊದಲು ಹಿಡಿದುಕೊಟ್ಟವರಿಗೆ ಆ ಸಾಲಿನ ನಕಲು ಕಳಿಸಿ: ಬಾವಿಗೋಡೆಯ ಆ ಗಿಡದಲ್ಲಿ ಈ ಸಲವೂ ಚುಕ್ಕೆ ಮಾಗಿದೆಯೇ ನೋಡಲು.